ಫೋಕ್‌ನಿಂದ ಜಾಝ್‌ಗೆ: ಸ್ವಂತ ಹಾಡು ಕಟ್ಟಿ ಹಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಿಟಾರ್ ಹಿಡಿದು ತಮ್ಮದೇ ಹಾಡು ಹಾಡುವ ಫೋಕ್ ಕಲಾವಿದರು ಜಾಝ್ ಕಡೆ ಹೊರಳುವಾಗ ಎದುರಾಗುವ ಪ್ರಶ್ನೆಗಳಿವು. ಮಾಮೂಲಿ ಕಾರ್ಡ್‌ಗಳು, ಕೇಪೋ ಬಳಕೆ, ನಾಲ್ಕು ಬೀಟಿನ ಎಣಿಕೆ ನಿಮಗೆ ಗೊತ್ತು ಎಂದುಕೊಂಡೇ ಉತ್ತರಿಸಿದ್ದೇವೆ. ತಂತಿಗಳ ಎಣಿಕೆಯಲ್ಲಿ ತೀರಾ ಸಣ್ಣದು 1, ತೀರಾ ದಪ್ಪದ್ದು 6.

ಮೊದಲು ದೊಡ್ಡ ದೊಡ್ಡ ಕಾರ್ಡ್‌ಗಳನ್ನು ಕಲಿಯಬೇಕು ತಾನೆ?

ಬೇಡ. ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ, ಆರು ತಿಂಗಳಾದರೂ ಹಾಡು ಜಾಝ್‌ನಂತೆ ಕೇಳಿಸದಿರುವುದೂ ಅದರಿಂದಲೇ. ಮೂರೇ ಕಾರ್ಡ್‌ಗಳ ಹಾಡನ್ನು ಒಳ್ಳೆಯ ಲಯದಲ್ಲಿ, ಬೇಸ್ ವಾದಕರ ಜೊತೆ ಹಾಡಿದರೆ ಜಾಝ್ ಅನಿಸುತ್ತದೆ. ಹದಿಮೂರರ, ಹನ್ನೊಂದರ ಕಾರ್ಡ್‌ಗಳನ್ನೆಲ್ಲ ತುರುಕಿ ಹಳೆಯ ಸ್ಟ್ರಮ್ಮಿಂಗ್‌ನಲ್ಲೇ ಬಾರಿಸಿದರೆ ಅದು ಅಲಂಕಾರ ಹೆಚ್ಚಾದ ಫೋಕ್ ಹಾಡು, ಅಷ್ಟೇ. ಮೊದಲು ಲಯ, ಆಮೇಲೆ ಬೇಸ್ ಜೊತೆಗಿನ ಹೊಂದಾಣಿಕೆ, ಕಾರ್ಡ್‌ಗಳು ಮೂರನೆಯದು.

ಲಯವನ್ನು ಅಭ್ಯಾಸ ಮಾಡುವುದು ಹೇಗೆ?

ಮೆಟ್ರೊನೋಮ್ (ಬೀಟಿಗೆ ಸದ್ದು ಮಾಡುವ ಸಾಧನ) ನಾಲ್ಕೂ ಬೀಟಿಗೆ ಹೊಡೆಯಬಾರದು. 2 ಮತ್ತು 4ಕ್ಕೆ ಮಾತ್ರ ಹೊಡೆಯಬೇಕು. ಹಾಡಿನ ವೇಗ ನಿಮಿಷಕ್ಕೆ 120 ಬೀಟ್ ಆದರೆ ಮೆಟ್ರೊನೋಮನ್ನು 60ಕ್ಕಿಡಿ. ಮೊದಲ ಸದ್ದಿಗೆ 'ಎರಡು' ಎನ್ನಿ, ಮುಂದಿನದಕ್ಕೆ 'ನಾಲ್ಕು'. ಒಂದನ್ನೂ ಮೂರನ್ನೂ ನೀವೇ ಮನಸ್ಸಿನಲ್ಲಿ ತುಂಬಿಕೊಳ್ಳಿ. ಗಿಟಾರ್ ಮುಟ್ಟದೆ ನಿಮ್ಮ ಹಳೆಯ ಹಾಡೊಂದನ್ನು ಹೀಗೆ ಪೂರ್ತಿ ಹಾಡಿ. ನಡುವೆ ಎಲ್ಲೋ ಮೆಟ್ರೊನೋಮ್ 1 ಮತ್ತು 3ರ ಮೇಲೆ ಹೊಡೆಯುತ್ತಿರುವಂತೆ ಅನಿಸಿದರೆ, ನೀವು ಒಂದು ಬೀಟ್ ನುಂಗಿದ್ದೀರಿ ಇಲ್ಲವೇ ಸೇರಿಸಿದ್ದೀರಿ. ಹೆಚ್ಚಿನವರಿಗೆ ಇದು ಸಾಲಿನ ಕೊನೆಯಲ್ಲಿ ಉಸಿರು ಎಳೆದುಕೊಳ್ಳುವಾಗ ಆಗುತ್ತದೆ.

ಇದು ಸಲೀಸಾದ ಮೇಲೆ ಅದೇ ಹಾಡಿಗೆ ಮೆಟ್ರೊನೋಮನ್ನು 30ಕ್ಕೆ ಇಳಿಸಿ, ಬಾರ್‌ಗೆ (ನಾಲ್ಕು ಬೀಟಿನ ಒಂದು ಸುತ್ತಿಗೆ) ಒಂದೇ ಸದ್ದು, ಅದೂ ನಾಲ್ಕನೆಯ ಬೀಟಿಗೆ. ಬೇಸರದ ಕೆಲಸ ನಿಜ, ಆದರೆ ಇದಕ್ಕೆ ಬದಲಿಯಾಗಿ ಬೇರೊಂದು ಅಭ್ಯಾಸವಿಲ್ಲ.

ಸ್ವಿಂಗ್ ಎಂದರೆ ಅರ್ಧ ಬೀಟನ್ನು ಉದ್ದ-ಗಿಡ್ಡ ಮಾಡುವುದೇ?

ಅದರ ಒಂದು ಭಾಗ. ಮಧ್ಯಮ ವೇಗದಲ್ಲಿ ಬೀಟಿನ ಮೊದಲ ಅರ್ಧ ಎರಡು ಪಾಲು, ಎರಡನೆಯ ಅರ್ಧ ಒಂದು ಪಾಲು ಎನ್ನುವುದು ಹತ್ತಿರದ ಲೆಕ್ಕ. ವೇಗ ಏರಿದಂತೆ ಎರಡೂ ಸಮವಾಗುತ್ತಾ ಹೋಗುತ್ತವೆ. ನಿಮಿಷಕ್ಕೆ 250ರ ಆಸುಪಾಸಿನಲ್ಲಿ ಎರಡಕ್ಕೊಂದರ ಲೆಕ್ಕ ಹಿಡಿದು ಹಾಡಿದರೆ ಕುದುರೆ ಓಟದಂತೆ ಕುಲುಕುತ್ತದೆ. ನಿಧಾನದ ಹಾಡಿನಲ್ಲೂ ಪ್ರತಿ ಅಕ್ಷರವನ್ನೂ ಕುಪ್ಪಳಿಸಬೇಡಿ. ಬೇಸ್ ಮತ್ತು ಡ್ರಮ್ಸ್ ಸ್ವಿಂಗ್ ಮಾಡುತ್ತಿದ್ದರೆ ಹಾಡುವವರು ಅದರ ಮೇಲೆ ನೇರವಾಗಿ, ತುಸು ಹಿಂದೆ ಬಿದ್ದು ಹಾಡಬಹುದು. ಬಹಳ ಸಲ ಅದೇ ಚೆನ್ನಾಗಿರುತ್ತದೆ.

ನನ್ನ ಸ್ಟ್ರಮ್ಮಿಂಗ್ ಬ್ಯಾಂಡ್ ಜೊತೆ ಗಲೀಜಾಗಿ ಕೇಳುತ್ತದೆ. ಯಾಕೆ?

ಒಬ್ಬರೇ ಹಾಡುವಾಗ ನಿಮ್ಮ ಗಿಟಾರ್ ಮೂರು ಕೆಲಸ ಮಾಡುತ್ತದೆ: ದಪ್ಪ ತಂತಿಯಲ್ಲಿ ಬೇಸ್, ಬಲಗೈಯ ಏರಿಳಿತದಲ್ಲಿ ತಾಳ, ತೆರೆದ ತಂತಿಗಳ ಝೇಂಕಾರದಲ್ಲಿ ಹಿನ್ನೆಲೆ. ಬ್ಯಾಂಡಿನಲ್ಲಿ ಬೇಸಿಗೆ ಒಬ್ಬರಿದ್ದಾರೆ, ತಾಳಕ್ಕೆ ಡ್ರಮ್ಸ್‌ನ ರೈಡ್ ಸಿಂಬಲ್ ಮತ್ತು ಹೈ-ಹ್ಯಾಟ್ ಇವೆ. ನೀವೂ ಅದನ್ನೇ ಮಾಡಿದರೆ ಒಂದೇ ಜಾಗದಲ್ಲಿ ಇಬ್ಬಿಬ್ಬರು. ಬೇಸ್ ವಾದಕರು ಜಿ ಇಂದ ಸಿ ಕಡೆಗೆ ಒಂದೊಂದೇ ಸ್ವರ ನಡೆದು ಹೋಗುತ್ತಿರುವಾಗ ನೀವು 6ನೇ ತಂತಿಯಲ್ಲಿ ಜಿ ಹೊಡೆಯುತ್ತಲೇ ಇದ್ದರೆ ಇಬ್ಬರ ಕೆಳಸ್ವರಗಳೂ ಕಚ್ಚಾಡುತ್ತವೆ.

ಮೂರು ಬದಲಾವಣೆ ಸಾಕು. ತೆರೆದ ತಂತಿಗಳ ಕಾರ್ಡ್ ಬಿಡಿ. 6 ಮತ್ತು 5ನೇ ತಂತಿಗಳನ್ನು ಬೇಸ್ ವಾದಕರಿಗೆ ಬಿಟ್ಟುಕೊಡಿ. ನುಡಿಸಿದ ಕೂಡಲೇ ಎಡಗೈ ಬೆರಳಿನ ಒತ್ತಡ ಸಡಿಲಿಸಿ ನಾದವನ್ನು ಕತ್ತರಿಸಿ. ಜಾಝ್ ಪಿಯಾನೊ ವಾದಕ ಕೌಂಟ್ ಬೇಸಿಯ ಬ್ಯಾಂಡಿನಲ್ಲಿ 1937ರಿಂದ ಗಿಟಾರ್ ನುಡಿಸಿದ ಫ್ರೆಡ್ಡಿ ಗ್ರೀನ್ ಬಾರ್‌ಗೆ ನಾಲ್ಕು ಗಿಡ್ಡ ಹೊಡೆತಗಳಲ್ಲಿ ಇಡೀ ಬ್ಯಾಂಡನ್ನು ಹಿಡಿದಿಟ್ಟವರು. ಫೋಕ್ ಕೈಗೆ ಅವರ ದಾರಿ ಎಲ್ಲಕ್ಕಿಂತ ಬೇಗ ಒಗ್ಗುತ್ತದೆ. ಪಿಯಾನೊ ಕೂಡ ಇದ್ದರೆ ಇನ್ನೂ ಸುಲಭ: ಗಿಟಾರ್ ಕೆಳಗಿಟ್ಟು ಹಾಡಿ.

ಸರಿ, ಕಾರ್ಡ್‌ಗಳಿಗೆ ಬರೋಣ. ಕನಿಷ್ಠ ಎಷ್ಟು ಗೊತ್ತಿರಬೇಕು?

ಮೂರು ಸ್ವರಗಳ ಶೆಲ್ ಕಾರ್ಡ್‌ಗಳು. ಮೂಲಸ್ವರ, ಮೂರನೆಯದು, ಏಳನೆಯದು, ಇಷ್ಟೇ. ಐದನೆಯ ಸ್ವರ ಕಾರ್ಡಿನ ಗುಣವನ್ನು ಹೇಳುವುದಿಲ್ಲವಾದ್ದರಿಂದ ಬಿಡಬಹುದು. ಸಿ ಕೀಯಲ್ಲಿ ಜಾಝ್‌ನ ಅತಿ ಸಾಮಾನ್ಯ ನಡೆ ಹೀಗೆ:

ಡಿ ಮೈನರ್ 7: 5ನೇ ತಂತಿ 5ನೇ ಫ್ರೆಟ್, 4ನೇ ತಂತಿ 3ನೇ ಫ್ರೆಟ್, 3ನೇ ತಂತಿ 5ನೇ ಫ್ರೆಟ್.
ಜಿ 7: 6ನೇ ತಂತಿ 3ನೇ ಫ್ರೆಟ್, 4ನೇ ತಂತಿ 3ನೇ ಫ್ರೆಟ್, 3ನೇ ತಂತಿ 4ನೇ ಫ್ರೆಟ್.
ಸಿ ಮೇಜರ್ 7: 5ನೇ ತಂತಿ 3ನೇ ಫ್ರೆಟ್, 4ನೇ ತಂತಿ 2ನೇ ಫ್ರೆಟ್, 3ನೇ ತಂತಿ 4ನೇ ಫ್ರೆಟ್.

ನುಡಿಸುವಾಗ 4 ಮತ್ತು 3ನೇ ತಂತಿಗಳನ್ನು ಮಾತ್ರ ಗಮನಿಸಿ. ಡಿ ಮೈನರ್‌ನಿಂದ ಜಿ 7ಕ್ಕೆ ಹೋಗುವಾಗ 4ನೇ ತಂತಿಯ ಎಫ್ ಅಲ್ಲೇ ನಿಲ್ಲುತ್ತದೆ, 3ನೇ ತಂತಿಯ ಸಿ ಒಂದೇ ಫ್ರೆಟ್ ಇಳಿದು ಬಿ ಆಗುತ್ತದೆ. ಜಿ 7ರಿಂದ ಸಿಗೆ ಬರುವಾಗ ಬಿ ನಿಲ್ಲುತ್ತದೆ, ಎಫ್ ಒಂದು ಫ್ರೆಟ್ ಇಳಿದು ಇ ಆಗುತ್ತದೆ. ಮೂರು ಕಾರ್ಡ್ ಬದಲಾದರೂ ಒಳಗೆ ಸರಿದದ್ದು ಎರಡೇ ಸಣ್ಣ ಹೆಜ್ಜೆ. ಜಾಝ್ ಕಾರ್ಡ್‌ಗಳು ಒಂದರೊಳಗೊಂದು ಜಾರಿಕೊಂಡು ಹೋದಂತೆ ಕೇಳಿಸುವುದು ಹೀಗಾಗಿಯೇ.

ಬೇಸ್ ವಾದಕರು ಜೊತೆಗಿದ್ದಾಗ ಮೂಲಸ್ವರ ಬಿಟ್ಟು 2ನೇ ತಂತಿಯಲ್ಲಿ ಒಂದು ಬಣ್ಣದ ಸ್ವರ ಸೇರಿಸಿ: ಡಿ ಮೈನರ್‌ಗೆ 5ನೇ ಫ್ರೆಟ್, ಜಿಗೂ ಅದೇ 5, ಸಿಗೆ 3. ಕ್ರಮವಾಗಿ ಒಂಬತ್ತು, ಹದಿಮೂರು, ಒಂಬತ್ತನೆಯ ಸ್ವರಗಳು ಸಿಕ್ಕಿದವು. ಇದನ್ನು ಹನ್ನೆರಡೂ ಕೀಗಳಲ್ಲಿ, ಸಿ, ಎಫ್, ಬಿ ಫ್ಲಾಟ್, ಇ ಫ್ಲಾಟ್ ಎಂದು ಪ್ರತಿ ಸಲ ನಾಲ್ಕನೆಯ ಸ್ವರಕ್ಕೆ ಏರುವ ಚಕ್ರದಲ್ಲಿ ಸುತ್ತಿ. ದಿನಕ್ಕೆ ಹತ್ತು ನಿಮಿಷ ಸಾಕು, ತಪ್ಪಿಸಬೇಡಿ.

ನನ್ನ ಮೂರು ಕಾರ್ಡ್‌ಗಳ ಹಾಡನ್ನು ಹೊಸದಾಗಿ ಹೊಂದಿಸುವುದು ಹೇಗೆ?

ಜಿ ಕೀಯ ಎಂಟು ಬಾರ್‌ಗಳ ಒಂದು ಚರಣ ತೆಗೆದುಕೊಳ್ಳಿ: ಜಿ, ಜಿ, ಸಿ, ಜಿ, ಜಿ, ಜಿ, ಡಿ 7, ಜಿ. ಒಂದೊಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಹಾಡಿ ನೋಡಿ.

ಮೊದಲು ಬಣ್ಣ. ಜಿ ಇದ್ದಲ್ಲಿ ಜಿ 6, ಸಿ ಇದ್ದಲ್ಲಿ ಸಿ ಮೇಜರ್ 7, ಡಿ 7 ಇದ್ದಲ್ಲಿ ಡಿ 9. ಎರಡನೆಯದಾಗಿ, ಡಿ 7ರ ಹಿಂದಿನ ಬಾರ್‌ಗೆ, ಅಂದರೆ ಆರನೆಯದಕ್ಕೆ, ಎ ಮೈನರ್ 7 ಹಾಕಿ. ಅಲ್ಲಿನ ರಾಗ (ಹಾಡಿನ ಮೆಲೊಡಿ) ಜಿ ಕಾರ್ಡಿನ ಸ್ವರಗಳ ಮೇಲಿದ್ದರೂ ತೊಂದರೆಯಿಲ್ಲ: ಜಿ, ಬಿ, ಡಿ ಮೂರೂ ಎ ಮೈನರ್ 7ರ ಮೇಲೆ ಏಳು, ಒಂಬತ್ತು, ಹನ್ನೊಂದನೆಯ ಸ್ವರಗಳಾಗಿ ಕೂರುತ್ತವೆ. ಮೂರನೆಯದಾಗಿ, ಸಿ ಬರುವ ಮುನ್ನ ಎರಡನೆಯ ಬಾರ್ ಅನ್ನು ಸೀಳಿ, ಎರಡು ಬೀಟ್ ಡಿ ಮೈನರ್ 7, ಎರಡು ಬೀಟ್ ಜಿ 7. ರಾಗದಲ್ಲಿ ಎಫ್ ಶಾರ್ಪ್ ಇದ್ದರೆ ಈ ಹೆಜ್ಜೆ ಬೇಡ, ಎರಡೂ ಕಾರ್ಡ್‌ನ ಎಫ್ ಜೊತೆ ಅದು ಜಗಳವಾಡುತ್ತದೆ. ನಾಲ್ಕನೆಯದಾಗಿ, ಐದನೆಯ ಬಾರ್‌ನ ಕೊನೆಯ ಎರಡು ಬೀಟಿಗೆ ಇ 7 ಹಾಕಿದರೆ ಎ ಮೈನರ್ ಕಡೆ ಎಳೆತ ಬರುತ್ತದೆ. ಅಲ್ಲಿ ರಾಗ ಜಿ ಸ್ವರದ ಮೇಲೆ ನಿಂತಿದ್ದರೆ ಇ 7ರ ಬದಲು ಇ ಮೈನರ್ 7.

ಕೊನೆಗೆ ಬೇಕೆನಿಸಿದರೆ ಡಿ 7ರ ಜಾಗದಲ್ಲಿ ಎ ಫ್ಲಾಟ್ 7. ಡಿ 7ರ ಮೂರನೆಯ, ಏಳನೆಯ ಸ್ವರಗಳು ಎಫ್ ಶಾರ್ಪ್ ಮತ್ತು ಸಿ. ಎ ಫ್ಲಾಟ್ 7ರಲ್ಲಿ ಅವೇ ಎರಡು ಅದಲುಬದಲಾಗಿ ಕೂತಿವೆ, ಹಾಗಾಗಿ ಒಂದರ ಜಾಗಕ್ಕೆ ಇನ್ನೊಂದು ಬರಬಲ್ಲದು. ರಾಗ ಅಲ್ಲಿ ಡಿ ಆಗಿದ್ದರೆ ಸೊಗಸು. ಜಿ ಆಗಿದ್ದರೆ ಕೆಡುತ್ತದೆ. ಎ ಆಗಿದ್ದರೂ ಒರಟು.

ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ಮಾತುಗಳು ಹೇಳುತ್ತವೆ. ಪದಗಳು ಒತ್ತೊತ್ತಾಗಿರುವ, ಕಥೆ ಹೇಳುವ ಚರಣದಲ್ಲಿ ಎರಡೆರಡು ಬೀಟಿಗೆ ಕಾರ್ಡ್ ಬದಲಾದರೆ ಕೇಳುವವರ ಕಿವಿ ಕಥೆ ಬಿಟ್ಟು ಕಾರ್ಡಿನ ಹಿಂದೆ ಹೋಗುತ್ತದೆ. ಸೀಳುವ ಕೆಲಸವನ್ನು ಮಾತಿಲ್ಲದ ಕಡೆ, ಸಾಲುಗಳ ನಡುವಿನ ಬಿಡುವಿನಲ್ಲಿ ಮಾಡಿ.

ಮೇಜರ್ 7 ಹಾಕಿದ ಕಡೆಯೆಲ್ಲ ನನ್ನ ಹಾಡು ಅಪಶ್ರುತಿಯಾಗುತ್ತದೆ. ಕೈ ತಪ್ಪೇ?

ಕೈಯದಲ್ಲ, ರಾಗದ್ದು. ಫೋಕ್ ರಾಗಗಳು ಸಾಲಿನ ಕೊನೆಯಲ್ಲಿ ಮೂಲಸ್ವರದ ಮೇಲೆ ಇಳಿದು ಉದ್ದಕ್ಕೆ ನಿಲ್ಲುತ್ತವೆ. ನೀವು ಜಿ ಹಿಡಿದಿದ್ದೀರಿ, ಗಿಟಾರ್ ಅದಕ್ಕೆ ಅರ್ಧಸ್ವರ ಕೆಳಗಿನ ಎಫ್ ಶಾರ್ಪ್ ಹಿಡಿದಿದೆ. ಮೇಜರ್ 7 ತೆಗೆದು 6 ಅಥವಾ 6/9 ಕಾರ್ಡ್ ಹಾಕಿ, ಆ ಕ್ಷಣಕ್ಕೇ ಸರಿಹೋಗುತ್ತದೆ.

ನನ್ನ ಹಾಡಿನಲ್ಲಿ ಎರಡೇ ಕಾರ್ಡ್‌ಗಳಿವೆ, ಇ ಮೈನರ್ ಮತ್ತು ಎ. ಅದಕ್ಕೇನು ಮಾಡುವುದು?

ಏನೂ ಮಾಡಬೇಡಿ, ನೀವು ಆಗಲೇ ಅರ್ಧ ದಾರಿ ಬಂದಿದ್ದೀರಿ. ಅದು ಇ ಡೋರಿಯನ್ ಎಂಬ ಮೋಡ್, ಅಂದರೆ ಸ್ವರಗಳ ಒಂದು ಸಾಲು: ಇ, ಎಫ್ ಶಾರ್ಪ್, ಜಿ, ಎ, ಬಿ, ಸಿ ಶಾರ್ಪ್, ಡಿ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ಧ್ವನಿಮುದ್ರಿಸಿದ 'ಕೈಂಡ್ ಆಫ್ ಬ್ಲೂ' ಆಲ್ಬಮ್ ಇಂಥ ಮೋಡ್‌ಗಳ ಮೇಲೆಯೇ ನಿಂತದ್ದು. ಇಂಥ ಹಾಡಿಗೆ ಮೇಲೆ ಹೇಳಿದ ಸೀಳುವ ತಂತ್ರಗಳನ್ನು ಹಚ್ಚಿದರೆ ಅದರ ಗಾಳಿಯೇ ಹೋಗುತ್ತದೆ. ಬೇಸ್‌ಗೆ ಎರಡು ಬಾರ್‌ಗಳ ಒಂದು ಮರುಕಳಿಸುವ ಎಳೆ ಕೊಡಿ, ಕಾರ್ಡ್‌ಗಳನ್ನು ವಿರಳಗೊಳಿಸಿ, ಸೋಲೊಗೆ (ಒಬ್ಬ ವಾದಕರು ಮುಂದಾಗಿ ನುಡಿಸುವ ಭಾಗಕ್ಕೆ) 16 ಬಾರ್‌ಗಳ ಗುಣಕಗಳಲ್ಲಿ ಜಾಗ ಬಿಡಿ. ಫೋಕ್ ಹಾಡುಗಾರರಿಗೆ ಜಾಝ್ ಒಳಗೆ ಬರಲು ಇರುವ ಅತ್ಯಂತ ಹತ್ತಿರದ ಬಾಗಿಲು ಇದು ಎಂಬುದು ನಮ್ಮ ಅಭಿಪ್ರಾಯ.

ಒಂದು ಸಾಲಿಗೆ ಐದು ಬೀಟ್, ಇನ್ನೊಂದಕ್ಕೆ ಆರು ಎಂದು ನಾನು ಹಾಡುತ್ತೇನೆ. ಬ್ಯಾಂಡ್ ಎಡವುತ್ತದೆ.

ಒಬ್ಬರೇ ಹಾಡುವಾಗ ಅದು ಚಂದವೇ. ಸೋಲೊ ಬಂದಾಗ ಎಲ್ಲರೂ ಒಂದೇ ಚೌಕಟ್ಟನ್ನು ಮತ್ತೆ ಮತ್ತೆ ಸುತ್ತಬೇಕು, ಅಲ್ಲಿ ತೊಡಕು. ಹಾಡನ್ನು ಫೋನಿನಲ್ಲಿ ಮುದ್ರಿಸಿಕೊಂಡು ಕೈಯಲ್ಲಿ ತಟ್ಟುತ್ತಾ ಪ್ರತಿ ಸಾಲಿನ ಬೀಟ್ ಎಣಿಸಿ ಬರೆಯಿರಿ. ನಂತರ ಮೂರು ದಾರಿ. ಹೆಚ್ಚುವರಿ ಬೀಟ್ ಪ್ರತಿ ಚರಣದಲ್ಲೂ ಅದೇ ಜಾಗದಲ್ಲಿ ಬಂದರೆ ಅದನ್ನು ಅಷ್ಟೇ ಬೀಟಿನ ಬೇರೆ ಬಾರ್ ಎಂದೇ ಬರೆದಿಡಿ; ಒಳ್ಳೆಯ ವಾದಕರು ಒಂದೇ ಸಲಕ್ಕೆ ಹಿಡಿಯುತ್ತಾರೆ. ಒಮ್ಮೆ ಬಂದು ಒಮ್ಮೆ ಬಾರದಿದ್ದರೆ ಅದು ಬರೀ ಉಸಿರಿನ ಜಾಗ, ಬಾರ್ ಅನ್ನು ನಾಲ್ಕಕ್ಕೆ ತುಂಬಿಸಿ. ಮೂರನೆಯ ದಾರಿ: ಮೊದಲ ಚರಣವನ್ನು ತಾಳವಿಲ್ಲದೆ ಗಿಟಾರ್ ಒಂದರ ಜೊತೆಗೇ ಹಾಡಿ, ಎರಡನೆಯ ಚರಣಕ್ಕೆ ಬ್ಯಾಂಡ್ ಅಳತೆಯ ಚೌಕಟ್ಟಿನಲ್ಲಿ ಬರಲಿ, ಸೋಲೊ ಆ ಚೌಕಟ್ಟಿನ ಮೇಲೆ ನಡೆಯಲಿ.

ಕೇಪೋ ಬಿಡಬೇಕೇ?

ಬಿಡಬೇಕಿಲ್ಲ, ಆದರೆ ಬೇರೆಯವರಿಗೆ ಕೀ ಹೇಳುವಾಗ ಬೆರಳಿನ ಆಕಾರ ಹೇಳಬೇಡಿ, ಕೇಳಿಸುವ ಸ್ವರ ಹೇಳಿ. 3ನೇ ಫ್ರೆಟ್‌ನಲ್ಲಿ ಕೇಪೋ ಹಾಕಿ ಜಿ ಆಕಾರ ಹಿಡಿದರೆ ಅದು ಬಿ ಫ್ಲಾಟ್. 'ಜಿ' ಎಂದು ಹೇಳಿ ಶುರು ಮಾಡಿದರೆ ಮೊದಲ ಬಾರ್‌ನಲ್ಲೇ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ.

ಗಾಳಿವಾದ್ಯಗಳಿದ್ದರೆ ಕೀ ಆಯ್ಕೆಯೇ ದೊಡ್ಡ ವಿಷಯ, ಏಕೆಂದರೆ ಅವುಗಳಲ್ಲಿ ಹಲವಕ್ಕೆ ಓದುವ ಸ್ವರವೇ ಬೇರೆ, ಕೇಳಿಸುವ ಸ್ವರವೇ ಬೇರೆ. ಗಿಟಾರ್‌ಗೆ ಹಿತವಾದ ಇ ಕೀಯಲ್ಲಿ ಹಾಡಿದರೆ ಟ್ರಂಪೆಟ್ ಮತ್ತು ಟೆನರ್ ಸ್ಯಾಕ್ಸ್‌ನವರು ಆರು ಶಾರ್ಪ್‌ಗಳ ಎಫ್ ಶಾರ್ಪ್‌ನಲ್ಲಿ, ಆಲ್ಟೊ ಸ್ಯಾಕ್ಸ್‌ನವರು ಏಳು ಶಾರ್ಪ್‌ಗಳ ಸಿ ಶಾರ್ಪ್‌ನಲ್ಲಿ ಓದಬೇಕಾಗುತ್ತದೆ. ಅರ್ಧಸ್ವರ ಇಳಿಸಿ ಇ ಫ್ಲಾಟ್ ಮಾಡಿ: ಅವರಿಗೆ ಎಫ್ ಮತ್ತು ಸಿ. ನಿಮಗೆ 1ನೇ ಫ್ರೆಟ್‌ನಲ್ಲಿ ಕೇಪೋ, ಡಿ ಆಕಾರ. ಎಲ್ಲರಿಗೂ ಸುಖ.

ತೆರೆದ ಶ್ರುತಿಗಳಲ್ಲಿ ಕಟ್ಟಿದ ಹಾಡುಗಳ ಕಾರ್ಡ್‌ಗಳಿಗೆ ಹೆಸರೇ ಗೊತ್ತಿಲ್ಲ.

ಅದೇನೂ ಅಡ್ಡಿಯಲ್ಲ. ಬಾಲ್ಯದ ಪೋಲಿಯೊದಿಂದ ಎಡಗೈ ಬಲ ಕಳೆದುಕೊಂಡ ಗಾಯಕಿ ಜೋನಿ ಮಿಚೆಲ್ ಬದಲಿ ಶ್ರುತಿಗಳಲ್ಲೇ ತಮ್ಮ ಕಾರ್ಡ್‌ಗಳನ್ನು ಕಂಡುಕೊಂಡರು, ಅವೇ ಅವರನ್ನು ಜಾಝ್ ವಾದಕರ ಬಳಿಗೆ ಒಯ್ದವು. ಪ್ರತಿ ಆಕಾರಕ್ಕೂ ಕೆಳಗಿನಿಂದ ಮೇಲಕ್ಕೆ ಸ್ವರಗಳ ಹೆಸರು ಬರೆಯಿರಿ, ಬೇಸ್ ಯಾವ ಸ್ವರ ಹಿಡಿಯಬೇಕು ಎಂಬುದನ್ನು ಅದರಡಿ ಬೇರೆಯಾಗಿ ಗುರುತಿಸಿ. ಕಾರ್ಡಿನ ಹೆಸರನ್ನು ಪಿಯಾನೊ ವಾದಕರು ಇಡುತ್ತಾರೆ. ಒಂದೇ ಆಕಾರದಡಿ ಬೇಸ್ ಸ್ವರ ಬದಲಿಸಿದರೆ ಕಾರ್ಡ್ ಬೇರೆಯೇ ಆಗುತ್ತದೆ. ತಾಲೀಮಿನಲ್ಲಿ ಎರಡು ಮೂರು ಸ್ವರ ಪ್ರಯತ್ನಿಸಿ ನೋಡಿ.

ವಾದಕರಿಗೆ ಏನನ್ನು ಬರೆದುಕೊಡಬೇಕು?

ಲೀಡ್ ಶೀಟ್, ಅಂದರೆ ಹಾಡಿನ ರಾಗ, ಕಾರ್ಡ್‌ಗಳ ನಕ್ಷೆ, ಸಾಧ್ಯವಾದರೆ ಒಂದೇ ಪುಟ. ಮೇಲೆ ಹೆಸರು, ವೇಗ, ನಡೆ: 'ಮಧ್ಯಮ ಸ್ವಿಂಗ್, 130' ಅಥವಾ 'ನೇರ ಅರ್ಧ ಬೀಟ್, 92'. ಸಾಲಿಗೆ ನಾಲ್ಕು ಬಾರ್. ಭಾಗಗಳಿಗೆ ಎ, ಬಿ, ಸಿ ಎಂದು ಚೌಕದಲ್ಲಿ ಗುರುತು. ರಾಗವನ್ನು ಸ್ವರಲಿಪಿಯಲ್ಲಿ ಬರೆಯಲು ಬಾರದಿದ್ದರೆ ಪ್ರತಿ ಸಾಲಿನ ಮೊದಲ ಎರಡು ಪದಗಳನ್ನಾದರೂ ಬಾರ್ ಮೇಲೆ ಬರೆಯಿರಿ. ಶುರುವಿನ ನಾಲ್ಕು ಅಥವಾ ಎಂಟು ಬಾರ್ ಯಾವುದು, ಸೋಲೊ ಯಾವ ಕಾರ್ಡ್‌ಗಳ ಮೇಲೆ, ಮುಕ್ತಾಯ ಹೇಗೆ, ಈ ಮೂರು ಇರಲೇಬೇಕು. ವೇದಿಕೆಯಲ್ಲಿ ಹಾಡು ಕುಸಿಯುವುದು ನಡುವೆ ಅಲ್ಲ, ಮುಕ್ತಾಯದಲ್ಲಿ. ಗಾಳಿವಾದ್ಯದವರಿಗೆ ಅವರ ಕೀಗೆ ಬದಲಿಸಿದ ಬೇರೆ ಪ್ರತಿ ಕೊಡಿ. 'ನೀವೇ ಬದಲಿಸಿಕೊಳ್ಳಿ' ಎನ್ನುವುದು ಸೌಜನ್ಯವಲ್ಲ.

ಮೊದಲು ಯಾರ ಜೊತೆ ನುಡಿಸಬೇಕು?

ಡಬಲ್ ಬೇಸ್ ವಾದಕರೊಬ್ಬರ ಜೊತೆ, ಇಬ್ಬರೇ. ಗಾಯಕ ವ್ಯಾನ್ ಮಾರಿಸನ್ ಅವರ 'ಆಸ್ಟ್ರಲ್ ವೀಕ್ಸ್' (1968) ಆಲ್ಬಮ್ ಕೇಳಿದರೆ ಕಾರಣ ತಿಳಿಯುತ್ತದೆ: ಗಿಟಾರ್ ಸರಳವಾದದ್ದನ್ನೇ ನುಡಿಸುತ್ತಿದೆ, ರಿಚರ್ಡ್ ಡೇವಿಸ್ ಅವರ ಬೇಸ್ ಅದರ ಸುತ್ತ ಮಾತಾಡುತ್ತಲೇ ಇದೆ. ಮೊದಲ ತಾಲೀಮಿನಲ್ಲಿ ಬಾರ್‌ಗೆ ಎರಡೇ ಸ್ವರಗಳ 'ಟೂ ಫೀಲ್' ಕೇಳಿ, ಬೀಟಿಗೊಂದು ಸ್ವರದ ವಾಕಿಂಗ್ ಆಮೇಲೆ. ಡ್ರಮ್ಸ್ ಮೂರನೆಯದಾಗಿ ಬರಲಿ, ಕೋಲಿನ ಬದಲು ಬ್ರಷ್ ಹಿಡಿದು.

ಹಾಡುವ ರೀತಿ ಬದಲಾಗಬೇಕೇ?

ಧ್ವನಿ ಬದಲಿಸಬೇಡಿ. ಹೊಗೆ ತುಂಬಿದ ಕ್ಲಬ್ಬಿನ ಗಾಯಕಿಯ ಅನುಕರಣೆ ಎರಡೇ ಸಾಲಿಗೆ ಬಯಲಾಗುತ್ತದೆ. ಬದಲಾಗಬೇಕಾದದ್ದು ಪದಗಳು ಬೀಳುವ ಜಾಗ. ಒಂದು ಸಾಲನ್ನು ಹೀಗೆ ಅಭ್ಯಾಸ ಮಾಡಿ: ಮೊದಲು ಬರೆದಂತೆ ಬೀಟಿನ ಮೇಲೆ, ಆಮೇಲೆ ಒಂದು ಬೀಟ್ ತಡವಾಗಿ ಶುರು ಮಾಡಿ, ಕೊನೆಯ ಪದಗಳನ್ನು ಒತ್ತರಿಸಿ ಸಮಯಕ್ಕೆ ಮುಗಿಸಿ, ಮೂರನೆಯ ಸಲ ಬೇಗ ಶುರು ಮಾಡಿ, ಕೊನೆಯ ಪದಕ್ಕೆ ಮುನ್ನ ಖಾಲಿ ಬಿಡಿ. ತಡವಾಗಿ ಹಾಡುವಾಗ ಬ್ಯಾಂಡೂ ನಿಮ್ಮ ಜೊತೆ ನಿಧಾನವಾಗುತ್ತಿದ್ದರೆ, ನೀವು ತಡಮಾಡುತ್ತಿಲ್ಲ, ಎಳೆಯುತ್ತಿದ್ದೀರಿ. ಕಾಲು ತಾಳ ಬಿಟ್ಟಿದೆ ಎಂದರ್ಥ. ಗಿಟಾರ್ ನುಡಿಸುತ್ತಾ ಇದನ್ನು ಮಾಡಲು ತಿಂಗಳುಗಳೇ ಬೇಕು, ಏಕೆಂದರೆ ಬಲಗೈ ನಾಲಗೆಯನ್ನು ತನ್ನ ಕಡೆಗೆ ಎಳೆಯುತ್ತದೆ. ಮೊದಲು ಕೈ ಖಾಲಿ ಇಟ್ಟುಕೊಂಡೇ ಕಲಿಯಿರಿ.

ಸ್ಕ್ಯಾಟ್, ಅಂದರೆ ಅರ್ಥವಿಲ್ಲದ ಉಲಿಗಳಲ್ಲಿ, ಹಾಡಲೇಬೇಕೇ?

ಇಲ್ಲ.

ಗಿಟಾರ್‌ನಲ್ಲಿ ಸೋಲೊ?

ಮೊದಲ ವರ್ಷ ನಿಮ್ಮ ರಾಗವನ್ನೇ ನುಡಿಸಿ, ಲಯ ಬದಲಿಸಿ, ನಡುನಡುವೆ ಬಿಡುವು ಕೊಟ್ಟು. ಸ್ಕೇಲ್‌ಗಳ ಪಟ್ಟಿಗಿಂತ ಆ ಶೆಲ್ ಕಾರ್ಡ್‌ಗಳ ಮೂರನೆಯ, ಏಳನೆಯ ಸ್ವರಗಳೇ ಹೆಚ್ಚು ದಾರಿ ತೋರಿಸುತ್ತವೆ: ಕಾರ್ಡ್ ಬದಲಾಗುವ ಬೀಟಿಗೆ ಅವುಗಳಲ್ಲೊಂದರ ಮೇಲೆ ಇಳಿದರೆ ಸಾಕು. ಬಾಯಲ್ಲಿ ಹಾಡಲಾಗದ್ದನ್ನು ಬೆರಳಿನಲ್ಲಿ ನುಡಿಸಬೇಡಿ.

ಗಿಟಾರ್ ಬದಲಿಸಬೇಕೇ? ವೇದಿಕೆಯಲ್ಲಿ ನಾದ ಚುಚ್ಚುತ್ತದೆ.

ತಕ್ಷಣಕ್ಕೆ ಬೇಡ. ಹೊಸ ಬ್ರಾಂಝ್ ತಂತಿಗಳ ಮಿನುಗು ಮತ್ತು ರೈಡ್ ಸಿಂಬಲ್ ಒಂದೇ ಎತ್ತರದ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಹಳತಾದ ತಂತಿಗಳೇ ಇಲ್ಲಿ ವಾಸಿ. ಗಿಟಾರ್‌ನ ಬ್ರಿಡ್ಜ್ ಅಡಿ ಇರುವ, ನಾದ ಹಿಡಿಯುವ ಪೀಝೊ ಪಿಕಪ್‌ನ ಕೊಂಕು ಸದ್ದು ಸಾಮಾನ್ಯವಾಗಿ 1ರಿಂದ 3 ಕಿಲೋಹರ್ಟ್ಸ್ ನಡುವೆ ಇರುತ್ತದೆ, ಅಲ್ಲಿ ಕೆಲವು ಡೆಸಿಬೆಲ್ ಇಳಿಸಿ. ಬೇಸ್ ಇದ್ದಾಗ 120 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಗಿಟಾರ್‌ನ ಪೊಳ್ಳು ಹೊಟ್ಟೆ ಗೂಳಿಡುವುದೂ ಬಹುಪಾಲು 100 ಹರ್ಟ್ಸ್ ಆಸುಪಾಸಿನಲ್ಲೇ. ನಾದರಂಧ್ರಕ್ಕೆ ರಬ್ಬರ್ ಮುಚ್ಚಳ ಹಾಕಿದರೆ ಇನ್ನಷ್ಟು ನಿರಾಳ.

ಆರ್ಚ್‌ಟಾಪ್ (ಉಬ್ಬಿದ ಮೇಲ್ಮೈಯ ಜಾಝ್ ಗಿಟಾರ್) ಕೊಂಡರೆ 12 ಅಥವಾ 13 ಗೇಜಿನ ಫ್ಲಾಟ್‌ವೂಂಡ್ ತಂತಿ ಹಾಕುವುದು ವಾಡಿಕೆ. ಅದರಲ್ಲಿ 3ನೇ ತಂತಿಯೂ ಸುತ್ತಿದ್ದೇ ಆಗಿರುತ್ತದೆ. 10ರ ತಂತಿಗೆ ಹೊಂದಿಸಿದ್ದ ಗಿಟಾರ್‌ಗೆ ಸೀದಾ ಇದನ್ನು ಹಾಕಿದರೆ ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿಯ) ಕಚ್ಚಿನಲ್ಲಿ ತಂತಿ ಸಿಕ್ಕಿಕೊಂಡು ಶ್ರುತಿ ನಿಲ್ಲುವುದಿಲ್ಲ, ಹೆಚ್ಚಿದ ಎಳೆತಕ್ಕೆ ಕತ್ತು ಬಾಗುತ್ತದೆ. ಕಚ್ಚು ಅಗಲಿಸಿ, ಕತ್ತಿನೊಳಗಿನ ಟ್ರಸ್ ರಾಡ್ ಹೊಂದಿಸಿಕೊಳ್ಳಿ.

ಧ್ವನಿಮುದ್ರಣ ಹೇಗೆ? ಒಂದೊಂದೇ ವಾದ್ಯವಾಗಿಯೇ?

ಎಲ್ಲರೂ ಒಟ್ಟಿಗೆ, ಮೆಟ್ರೊನೋಮ್ ಕ್ಲಿಕ್ ಇಲ್ಲದೆ, ಒಬ್ಬರನ್ನೊಬ್ಬರು ನೋಡುವಂತೆ ಕೂತು. ನಿಮ್ಮ ಕಂಠದ ಮೈಕಿಗೆ ಡ್ರಮ್ಸ್ ನುಗ್ಗುತ್ತದೆ ಎಂದು ಬೇರೆ ಕೋಣೆಗೆ ಹೋಗುವುದಾದರೆ ನಡುವೆ ಗಾಜಾದರೂ ಇರಲಿ. ಹಾಡಿಗೆ ಮೂರು ಟೇಕ್. ನಾಲ್ಕನೆಯದರಿಂದ ಎಚ್ಚರಿಕೆ ಹೆಚ್ಚಿ ಉಸಿರು ಕಡಿಮೆಯಾಗುತ್ತದೆ. ಹಾಡಿನ ಹಕ್ಕಿನಲ್ಲಿ ವಾದಕರಿಗೆ ಪಾಲಿದೆಯೇ ಅಥವಾ ದಿನದ ಸಂಭಾವನೆ ಮಾತ್ರವೇ ಎಂಬುದನ್ನು ಮುದ್ರಣಕ್ಕೆ ಮೊದಲೇ ಬರಹದಲ್ಲಿ ಇತ್ಯರ್ಥ ಮಾಡಿಕೊಳ್ಳಿ.

ಈ ದಾರಿಯಲ್ಲಿ ನಡೆದವರ ಯಾವ ಆಲ್ಬಮ್‌ಗಳನ್ನು ಕೇಳಬೇಕು?

ಪೆಂಟಾಂಗಲ್ ತಂಡದ 'ಬಾಸ್ಕೆಟ್ ಆಫ್ ಲೈಟ್' (1969): ಇಬ್ಬರು ಫೋಕ್ ಗಿಟಾರ್ ವಾದಕರ ಕೆಳಗೆ ಡ್ಯಾನಿ ಥಾಂಪ್ಸನ್ ಮತ್ತು ಟೆರಿ ಕಾಕ್ಸ್ ಅವರ ಜಾಝ್ ಬೇಸ್, ಡ್ರಮ್ಸ್. ಅದೇ ಥಾಂಪ್ಸನ್ ಜಾನ್ ಮಾರ್ಟಿನ್ ಅವರ 'ಸಾಲಿಡ್ ಏರ್'ನಲ್ಲೂ (1973) ಇದ್ದಾರೆ. ಅಲ್ಲಿ ಹಾಡುಗಾರರು ಪದಗಳನ್ನು ಹೇಗೆ ಮಸುಕುಗೊಳಿಸುತ್ತಾರೆ ಗಮನಿಸಿ. ಜೋನಿ ಮಿಚೆಲ್ ಅವರದ್ದನ್ನು ಕಾಲಕ್ರಮದಲ್ಲಿ ಕೇಳಬೇಕು: 'ಕೋರ್ಟ್ ಆಂಡ್ ಸ್ಪಾರ್ಕ್' (1974) ಟಾಮ್ ಸ್ಕಾಟ್ ಅವರ ಬಳಗದೊಂದಿಗೆ, 'ಹೆಜೀರಾ' (1976) ಜಾಕೊ ಪಾಸ್ಟೋರಿಯಸ್ ಅವರ ಫ್ರೆಟ್‌ರಹಿತ ಬೇಸ್‌ನೊಂದಿಗೆ, ಕೊನೆಗೆ ಜಾಝ್ ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ತೀರಿಕೊಂಡ ವರ್ಷವೇ ಬಂದ 'ಮಿಂಗಸ್' (1979). ಐದು ವರ್ಷಗಳಲ್ಲಿ ಆಕೆ ನಡೆದ ದೂರ ಅಷ್ಟು. ಕೇಳುವಾಗ ಹಾಡನ್ನು ಬಿಟ್ಟು ಒಂದು ಸಲ ಬೇಸ್ ಒಂದನ್ನೇ ಹಿಂಬಾಲಿಸಿ.

ಜಾಝ್ ಸ್ಟ್ಯಾಂಡರ್ಡ್‌ಗಳನ್ನು (ಎಲ್ಲ ವಾದಕರಿಗೂ ಗೊತ್ತಿರುವ ಹಳೆಯ ಹಾಡುಗಳನ್ನು) ಕಲಿಯದೆ ಸ್ವಂತ ಹಾಡುಗಳಲ್ಲೇ ಮುಂದುವರಿಯಬಹುದೇ?

ಬಹುದು, ಆದರೆ ಹತ್ತಾದರೂ ಕಲಿಯಿರಿ. ಹೊಸ ವಾದಕರ ಜೊತೆ ತಾಲೀಮಿಲ್ಲದೆ ನುಡಿಸಲು ಅವೇ ಸಾಮಾನ್ಯ ಭಾಷೆ. ಒಂದು ಹನ್ನೆರಡು ಬಾರ್‌ಗಳ ಬ್ಲೂಸ್, ಮೂವತ್ತೆರಡು ಬಾರ್‌ಗಳ ಎ-ಎ-ಬಿ-ಎ ಹಾಡು ಮೂರು ನಾಲ್ಕು, ಒಂದು ನಿಧಾನದ ಬ್ಯಾಲಡ್, ಒಂದು ಮೂರು ಬೀಟಿನ ವಾಲ್ಟ್ಸ್, ಒಂದು ಬೋಸಾ ನೋವಾ, ಉಳಿದದ್ದು ನಿಮ್ಮಿಷ್ಟ. ಪುಸ್ತಕದಲ್ಲಿ ಅಚ್ಚಾದ ಕೀ ಹೆಚ್ಚಾಗಿ ವಾದ್ಯಗಳಿಗೆ ಹೊಂದುವಂಥದ್ದು. ರಾಗದ ತೀರಾ ಎತ್ತರದ ಸ್ವರ ನಿಮ್ಮ ಕಂಠದಲ್ಲಿ ಸಲೀಸಾಗುವ ಕಡೆಗೆ ಕೀ ಬದಲಿಸಿ, ಆ ಕೀಯನ್ನು ಬರೆದಿಟ್ಟುಕೊಳ್ಳಿ.

ಒಂದು ಹಾಡು ಜಾಝ್‌ಗೆ ಒಗ್ಗುವುದಿಲ್ಲ ಎಂದು ಗೊತ್ತಾಗುವುದು ಹೇಗೆ?

ಬೇಸ್ ಜೊತೆ ಮೂರು ನಡೆಗಳಲ್ಲಿ ಹಾಡಿ ನೋಡಿ: ಸ್ವಿಂಗ್, ನೇರ ಅರ್ಧ ಬೀಟ್, ಮೂರು ಬೀಟ್. ಮೂರರಲ್ಲೂ ಮಾತಿನ ಒತ್ತು ತಪ್ಪಿದ ಅಕ್ಷರದ ಮೇಲೆ ಬಿದ್ದರೆ ಆ ಹಾಡನ್ನು ಬಿಡಿ. ಚರಣಗಳು ಹತ್ತು ಹನ್ನೆರಡಿದ್ದು ಕಥೆಗೆ ಎಲ್ಲವೂ ಬೇಕಾಗಿದ್ದರೂ ಬಿಡಿ, ಸೋಲೊಗೆ ಜಾಗ ಸಿಗುವುದಿಲ್ಲ. ಬಿಟ್ಟ ಹಾಡುಗಳನ್ನು ಕಛೇರಿಯ ನಡುವೆ ಬ್ಯಾಂಡನ್ನು ಕೆಳಗಿಳಿಸಿ ಒಬ್ಬರೇ ಹಾಡಿ. ಡ್ರಮ್ಸ್‌ನವರು ನೀರು ಕುಡಿಯಲು ಅದೇ ಸಮಯ.